ದುಡಿಯುವ ಕೈಗೆ ತಕ್ಕ ಗವಸು

ಚಳಿಗಾಲದ ಉಡುಪಿನ ಮಾತು ಬಂದಾಗ ನಮ್ಮ ಜನ ತಲೆಗೆ ರುಮಾಲು, ಕಿವಿಗೆ ಮಫ್ಲರು, ಮೈಗೆ ಕಂಬಳಿ ಎಂದು ಎಣಿಸಿ ಅಲ್ಲಿಗೇ ನಿಲ್ಲಿಸಿಬಿಡುತ್ತಾರೆ. ಕೈಯ ನೆನಪು ಯಾರಿಗೂ ಆಗುವುದಿಲ್ಲ. ಕೈಗೆ ಚಳಿಯಾದರೆ ಕಂಕುಳಲ್ಲಿ ಇಟ್ಟುಕೊಂಡರೆ ತೀರಿತು ಎಂಬುದು ಸಾಮಾನ್ಯ ತಿಳಿವಳಿಕೆ. ಆದರೆ ದುಡಿಯುವವರ ಕೈಗೆ ಕಂಕುಳಲ್ಲಿ ಅಡಗಿ ಕೂಡುವ ಭಾಗ್ಯವೆಲ್ಲಿಯದು? ಕೈ ಕೆಸರಾದರೆ ಬಾಯಿ ಮೊಸರೆಂಬ ಗಾದೆಯನ್ನು ನಾವೆಲ್ಲರೂ ಬಾಲ್ಯದಿಂದ ಬರೆದು ವಿಸ್ತರಿಸಿದವರೇ. ಕೆಸರಾದ ಕೈಯ ಕ್ಷೇಮವನ್ನು ವಿಚಾರಿಸಿದವರು ಮಾತ್ರ ವಿರಳ.

ಈ ವಿಷಯ ಕೇಳಿ ಕೆಲವು ಸಹಪಾಠಿಗಳು ನಗಬಹುದು. ರೋಣವೇನು ಕಾಶ್ಮೀರವೇ, ನರಗುಂದದ ಗುಡ್ಡದ ಮೇಲೆ ಹಿಮ ಬೀಳುತ್ತದೆಯೇ ಎಂದು ಕೇಳಬಹುದು. ಅಂಥವರು ಮಾಗಿಯ ನಸುಕಿನಲ್ಲಿ ಒಮ್ಮೆ ನಮ್ಮ ಎರೆಹೊಲಗಳಿಗೆ ಬರಬೇಕೆಂದು ನನ್ನ ವಿನಂತಿ. ಮರದ ಮರೆಯಿಲ್ಲದ ಬಯಲು. ಅಡ್ಡಿಯಿಲ್ಲದೆ ಬೀಸುವ ಗಾಳಿ. ಎಲೆಯೆಲೆಯ ಮೇಲೂ ಇಬ್ಬನಿ. ಚಳಿಯ ಅಳತೆ ಉಷ್ಣಮಾಪಕವೊಂದರಿಂದಲೇ ಆಗುವುದಿಲ್ಲ. ಒದ್ದೆಯಾದ ಬೆರಳಿಗೆ ಗಾಳಿ ತಾಕಿದಾಗ ನೀರು ಆವಿಯಾಗುತ್ತ ಬೆರಳಿನ ಬಿಸಿಯನ್ನೇ ಕದ್ದೊಯ್ಯುತ್ತದೆ. ಬೆಳಗಿನ ತಾಸಿಗೆ ಹಳ್ಳಿಯಿಂದ ಮೋಟಾರು ಸೈಕಲ್ಲಿನ ಮೇಲೆ ಬರುವ ಗೆಳೆಯರಿಗೂ ಈ ಅನುಭವ ಹೊಸದಲ್ಲ. ಬ್ರೇಕು ಹಿಡಿಯಬೇಕಾದ ಬೆರಳು ಮರದ ತುಂಡಿನಂತಾಗಿರುತ್ತದೆ.

ನಮ್ಮ ಕಡೆಯ ಹಿಂಗಾರಿ ಬೆಳೆಗಳಾದರೂ ನಸುಕಿನಲ್ಲಿಯೇ ಕೈಯನ್ನು ಬೇಡುತ್ತವೆ. ಕಡಲೆಯ ಗಿಡದ ಮೈಮೇಲಿನ ಸಣ್ಣ ರೋಮಗಳಿಂದ ಹುಳಿ ಒಸರುತ್ತದೆ. ಇಬ್ಬನಿಯಲ್ಲಿ ಬೆರೆತ ಆ ಹುಳಿಯನ್ನು ಬಟ್ಟೆ ಹಾಸಿ ಹಿಂಡಿ ಔಷಧಕ್ಕೆ ಇಟ್ಟುಕೊಳ್ಳುವ ರೂಢಿ ಹಳೆಯದು. ಅದೇ ಹುಳಿ ಚಳಿಗೆ ಒಡೆದ ಬೆರಳಿನ ಬಿರುಕಿಗೆ ತಾಕಿದರೆ ಉರಿಯೆಂದರೆ ಉರಿ. ಬೆಳೆ ಬಲಿತ ಮೇಲೆ ಕಾಯಿ ಸಿಡಿದು ಉದುರಬಾರದೆಂದು ತಂಪು ಹೊತ್ತಿನಲ್ಲಿಯೇ ಗಿಡ ಕೀಳಬೇಕು. ಇನ್ನು ಕುಸುಬೆ. ದನ ಬಾಯಿ ಹಾಕದಿರಲೆಂದು ಹೊಲದ ಅಂಚಿಗೆ ಬಿತ್ತುವಷ್ಟು ಮುಳ್ಳಿನ ಬೆಳೆ ಅದು. ಬಿಸಿಲೇರಿದರೆ ಅದರ ಮುಳ್ಳು ಸೂಜಿಯಾಗುತ್ತದೆ. ಇಬ್ಬನಿ ಇರುವಾಗ ಮಾತ್ರ ಕೊಂಚ ಮೆತ್ತಗಿರುತ್ತದೆ. ಆದುದರಿಂದ ಕುಸುಬೆಯ ಕೊಯ್ಲಿಗೆ ಹೆಣ್ಣುಮಕ್ಕಳು ಕತ್ತಲಿರುವಾಗಲೇ ಹೊರಡುತ್ತಾರೆ. ಮುಳ್ಳನ್ನು ತಪ್ಪಿಸಿಕೊಳ್ಳಲು ಚಳಿಯನ್ನು ಅಪ್ಪಿಕೊಳ್ಳುವ ವ್ಯವಹಾರವಿದು.

ಆಗ ಅವರ ಕೈಗೆ ಇರುವ ರಕ್ಷಣೆಯೆಂದರೆ ಹರಿದ ಸೀರೆಯ ಪಟ್ಟಿ, ಹಳೆಯ ಅಂಗಿಯ ತೋಳು, ಇಲ್ಲವೆ ತೂತುಬಿದ್ದ ಕಾಲುಚೀಲ. ಇವೆಲ್ಲ ಬಹುಮಟ್ಟಿಗೆ ಹತ್ತಿಯವು. ಹತ್ತಿ ನಮ್ಮ ನೆಲದ ಹೆಮ್ಮೆ ನಿಜ. ಆದರೆ ಒದ್ದೆಯಾದ ಹತ್ತಿಬಟ್ಟೆ ಚರ್ಮಕ್ಕೆ ಅಂಟಿ ಬಿಸಿಯನ್ನು ಹೊರಗೆ ಸಾಗಿಸುವ ದಳ್ಳಾಳಿಯಾಗುತ್ತದೆ. ಅರ್ಧ ತಾಸಿನಲ್ಲಿ ಆ ಪಟ್ಟಿ ಇದ್ದೂ ಇಲ್ಲದಂತೆ.

ಶರೀರಶಾಸ್ತ್ರಜ್ಞರು ಹೇಳುವ ಮಾತನ್ನೂ ಕೇಳೋಣ. ಬೆರಳಿನ ಚರ್ಮದ ಉಷ್ಣತೆ ಸುಮಾರು ೧೫ ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿದಾಗ ಕೈಯ ಚಾತುರ್ಯ ಕುಗ್ಗತೊಡಗುತ್ತದೆ; ೮ ಡಿಗ್ರಿಯ ಸಮೀಪಕ್ಕೆ ಬಂದರೆ ಸ್ಪರ್ಶಜ್ಞಾನವೇ ಮಂದವಾಗುತ್ತದೆ. ಮೈ ತಣ್ಣಗಾದಾಗ ಶರೀರವು ಹೃದಯ, ಶ್ವಾಸಕೋಶ ಮೊದಲಾದ ಒಳಗಿನ ಅಂಗಗಳನ್ನು ಕಾಪಾಡಲೆಂದು ಬೆರಳಿಗೆ ಹೋಗುವ ರಕ್ತವನ್ನು ಕಡಿಮೆ ಮಾಡುತ್ತದೆ. ಬೆರಳನ್ನು ಮಡಿಸುವ ಮುಖ್ಯ ಸ್ನಾಯುಗಳು ಇರುವುದಾದರೂ ಮುಂಗೈಯಲ್ಲಿ. ಹೀಗಾಗಿ ಎದೆ, ಮುಂಗೈ, ಮಣಿಕಟ್ಟುಗಳನ್ನು ತೆರೆದಿಟ್ಟು ಬೆರಳಿಗೆ ಮಾತ್ರ ದಪ್ಪ ಗವಸು ತೊಡಿಸುವುದು ಬಾಗಿಲು ತೆರೆದಿಟ್ಟು ಕಿಟಕಿ ಮುಚ್ಚಿದಂತೆ.

ಇನ್ನು ಪೇಟೆಯ ಗವಸುಗಳ ವಿಚಾರ. ಅಂಗಡಿಯಲ್ಲಿ ದಪ್ಪವೇ ಯೋಗ್ಯತೆಯ ಅಳತೆ. ಆದರೆ ದಪ್ಪ ಗವಸು ತೊಟ್ಟು ಕಡಲೆಯ ಕುಡಿ ಚಿವುಟಿ ನೋಡಿ. ಗಜೇಂದ್ರಗಡದ ನೇಕಾರನಿಗೆ ತೊಡಿಸಿ, ಮಗ್ಗದ ಮೇಲೆ ಹರಿದ ಎಳೆಯನ್ನು ಗಂಟು ಹಾಕೆಂದು ಹೇಳಿ ನೋಡಿ! ಮೇಲಾಗಿ ಅವು ಬಹುತೇಕ ಗಂಡಸರ ಅಳತೆಯವು. ಹೆಣ್ಣುಮಗಳ ಕೈಯಲ್ಲಿ ಬೆರಳಿನ ತುದಿಗೆ ಅರ್ಧ ಅಂಗುಲ ಬಟ್ಟೆ ಜೋತಾಡಿ ಕುಡಗೋಲಿಗೆ ಸಿಕ್ಕುತ್ತದೆ. ತೀರ ಬಿಗಿಯಾದುದೂ ಬೇಡ. ಅದು ರಕ್ತದ ಹರಿವನ್ನು ತಡೆಯುತ್ತದೆ, ಬೆಚ್ಚಗಿಡುವ ನಿಶ್ಚಲ ಗಾಳಿಗೆ ಎಡೆಯನ್ನೂ ಉಳಿಸುವುದಿಲ್ಲ.

ಹಾಗಾದರೆ ಬೆಚ್ಚಗೂ ಇರಬೇಕು, ಬೆರಳೂ ಆಡಬೇಕು ಎಂಬ ಎರಡು ಬಯಕೆಗಳಿಗೆ ಸಂಧಾನವೇ ಇಲ್ಲವೇ? ಇದೆ ಎಂದೇ ನನ್ನ ನಂಬಿಕೆ. ಗವಸನ್ನು ಚಳಿಯಿಂದ ಅಳೆಯದೆ ಕೆಲಸದಿಂದ ಅಳೆಯಬೇಕು. ಅದರಲ್ಲಿಯೂ ಒಂದೊಂದು ಕೈಯ ಕೆಲಸದಿಂದ ಅಳೆಯಬೇಕು. ಗವಸನ್ನು ಜೋಡಿಯಾಗಿ ಮಾರುವವರು ಎರಡು ಕೈಗಳೂ ಒಂದೇ ಕೆಲಸ ಮಾಡುತ್ತವೆಂದು ಭಾವಿಸಿದಂತಿದೆ. ಕುಸುಬೆ ಕೊಯ್ಯುವಾಗ ಎಡಗೈ ಮುಳ್ಳಿನ ಗಿಡವನ್ನು ಹಿಡಿಯುತ್ತದೆ, ಬಲಗೈ ಕುಡಗೋಲನ್ನು. ಎಡಗೈಗೆ ಅಂಗೈ ತುಂಬ ತೆಳುವಾದ ಮೇಕೆಯ ಚರ್ಮ ಬೇಕು. ಬಲಗೈಗೆ ಹಿಡಿ ಜಾರದ ಅಂಗೈ ಇದ್ದರೆ ಸಾಕು. ಕಡಲೆಯ ಕುಡಿ ಚಿವುಟಲು ಹೆಬ್ಬೆರಳು ತೋರುಬೆರಳುಗಳ ತುದಿ ಮಾತ್ರ ತೆರೆದಿರಲಿ, ಉಳಿದ ಮೂರು ಬೆರಳು ಮುಚ್ಚಿರಲಿ. ಕೆಲಸಕ್ಕೆ ಎಷ್ಟು ಬೇಕೋ ಅಷ್ಟನ್ನೇ ಬಿಚ್ಚಿಡುವುದು, ಮಿಕ್ಕುದನ್ನೆಲ್ಲ ಮುಚ್ಚುವುದು: ಇಡೀ ಸೂತ್ರ ಇಷ್ಟೇ.

ಹಿಮದ ನಾಡಿನವರೂ ಈ ದಾರಿಗೇ ಬಂದಿದ್ದಾರೆ. ಹೆಬ್ಬೆರಳಿಗೊಂದು, ಉಳಿದ ನಾಲ್ಕಕ್ಕೂ ಸೇರಿ ಒಂದು ಗೂಡಿರುವ ಗವಸು ಅತ್ಯಂತ ಬೆಚ್ಚಗಿನದು, ಏಕೆಂದರೆ ಬೆರಳುಗಳು ಒಂದಕ್ಕೊಂದು ಬಿಸಿ ಕೊಡುತ್ತವೆ. ಆದರೆ ಸೈನಿಕ ಬಂದೂಕಿನ ಕುದುರೆಯನ್ನು ಎಳೆಯಬೇಕಲ್ಲ! ಅದಕ್ಕಾಗಿ ತೋರುಬೆರಳಿಗೆ ಬೇರೆ ಗೂಡಿಟ್ಟ ಗವಸನ್ನು ಹೊಲಿದರು. ಪರ್ವತಾರೋಹಿಗಳು ಒಳಗೊಂದು ತೆಳು ಗವಸು, ಮೇಲೊಂದು ದಪ್ಪ ಗವಸು ತೊಟ್ಟು, ಹಗ್ಗದ ಗಂಟು ಬಿಚ್ಚುವಾಗ ಮೇಲಿನದನ್ನಷ್ಟೇ ಕಳಚುತ್ತಾರೆ. ೧೯೫೦ರ ಜೂನ್ ೩ರಂದು ಅನ್ನಪೂರ್ಣಾ ಶಿಖರವನ್ನೇರಿದ ಫ್ರಾನ್ಸಿನ ಮೋರಿಸ್ ಹರ್ಜೋಗ್ ಇಳಿಯುವ ದಾರಿಯಲ್ಲಿ ಗವಸುಗಳನ್ನು ಕಳೆದುಕೊಂಡು, ಕಡೆಗೆ ಹಿಮಹುಣ್ಣಿನಿಂದ ಬೆರಳುಗಳನ್ನೇ ಕಳೆದುಕೊಂಡನು. ಅವನ ಚೀಲದಲ್ಲಿ ಕಾಲುಚೀಲಗಳಿದ್ದವು. ಅವನ್ನು ಕೈಗೆ ಹಾಕಿಕೊಳ್ಳಬಹುದೆಂಬುದು ಆ ಗಳಿಗೆಯಲ್ಲಿ ಅವನಿಗೆ ಹೊಳೆಯಲಿಲ್ಲ. ಆ ಉಪಾಯ ನಮ್ಮ ರೋಣದ ಹೆಣ್ಣುಮಕ್ಕಳಿಗೆ ಯಾರೂ ಹೇಳಿಕೊಡದೆ ತಿಳಿದಿದೆ. ಅವರ ಜಾಣತನಕ್ಕೆ ಕೊರತೆಯಿಲ್ಲ, ಸಾಮಗ್ರಿಗೆ ಕೊರತೆ.

ಸಾಮಗ್ರಿಯಾದರೂ ದೂರದ್ದಲ್ಲ. ಕಂಬಳಿ ನೇಯುವ ಕುರಿಯ ಉಣ್ಣೆ ನಮ್ಮ ಸೀಮೆಯದೇ. ಉಣ್ಣೆ ತನ್ನ ತೂಕದ ಮೂರರಲ್ಲೊಂದು ಪಾಲಿನಷ್ಟು ತೇವವನ್ನು ಹೀರಿಯೂ ಬೆಚ್ಚಗಿರಬಲ್ಲದು. ಅದು ಒರಟು, ಚುಚ್ಚುತ್ತದೆ ಎಂಬ ಆಕ್ಷೇಪ ಸರಿಯೇ. ಆದರೆ ಕೈಯ ಹಿಂಭಾಗಕ್ಕೂ ಮೊಣಕೈವರೆಗಿನ ತೋಳಿಗೂ ಆ ಉಣ್ಣೆ, ಒಳಗೆ ತೆಳುವಾದ ಅರಿವೆ, ಅಂಗೈಗೆ ಚರ್ಮ ಕೊಟ್ಟು ಹೊಲಿದರೆ ಆ ದೋಷ ನೀಗುತ್ತದೆ. ಇದಕ್ಕೆ ದೊಡ್ಡ ಕಾರ್ಖಾನೆ ಬೇಡ. ಊರ ದರ್ಜಿಗೆ ಸರಿಯಾದ ಅಳತೆ ಕೊಟ್ಟರೆ ಸಾಕು.

ಗವಸು ತೊಟ್ಟರೆ ಕೆಲಸ ನಿಧಾನವಾಗುತ್ತದೆ, ಕೂಲಿ ಕೊಟ್ಟವನಿಗೆ ನಷ್ಟ ಎನ್ನುವವರುಂಟು. ಅಳತೆಗೆಟ್ಟ ಗವಸಿನ ಬಗ್ಗೆ ಆ ಮಾತು ಸತ್ಯ. ಆದರೆ ಜೋಮು ಹಿಡಿದ ಬರಿಗೈ ಕೂಡ ನಿಧಾನವೇ ಅಲ್ಲವೇ? ಮುಳ್ಳು ಮುರಿದು ಕೀವು ತುಂಬಿದ ಬೆರಳು ನಾಲ್ಕು ದಿನ ಕೆಲಸಕ್ಕೇ ಬಾರದು. ಆ ನಾಲ್ಕು ದಿನದ ಕೂಲಿಯನ್ನು ಯಾರೂ ಕೊಡುವುದಿಲ್ಲ. ವಿಜ್ಞಾನಿಗಳು ಮುಳ್ಳಿಲ್ಲದ ಕುಸುಬೆಯ ತಳಿಗಳನ್ನು ತಂದಿದ್ದಾರೆ, ಅದು ಸ್ತುತ್ಯವೇ. ಆದರೆ ಮುಳ್ಳಿನ ಕುಸುಬೆ ಇರುವ ಹೊಲದಲ್ಲಿ ಕೊಯ್ಯುವ ಕೈಗೇನು ದಾರಿ? ಬೀಜ, ಗೊಬ್ಬರ, ಔಷಧಗಳ ಲೆಕ್ಕ ಬರೆಯುವ ಪುಟದಲ್ಲಿಯೇ ಗವಸಿಗೂ ಒಂದು ಸಾಲು ಇರಬೇಕು. ಕುಸುಬೆಯನ್ನು ಮಾರುವವರೇ ಆ ಸಾಲಿನ ವೆಚ್ಚವನ್ನು ಹೊರಬೇಕು. ಮಲಪ್ರಭೆಯ ನೀರಿನ ಕರ, ಅಭಿವೃದ್ಧಿ ಕರಗಳ ವಿರುದ್ಧ ೧೯೮೦ರಲ್ಲಿ ಎದ್ದುನಿಂತು ನಾಡನ್ನೇ ಎಚ್ಚರಿಸಿದ ನೆಲ ನರಗುಂದದ್ದು. ರೈತನ ನ್ಯಾಯವನ್ನು ಅಷ್ಟು ದೊಡ್ಡ ದನಿಯಲ್ಲಿ ಕೇಳಿದ ನಾವು, ನಮ್ಮದೇ ಹೊಲದಲ್ಲಿ ಬಗ್ಗಿದವಳ ಕೈಯ ನ್ಯಾಯವನ್ನು ಸಣ್ಣ ದನಿಯಲ್ಲಾದರೂ ಕೇಳಬಾರದೇ?

ವಿದ್ಯಾರ್ಥಿಗಳಾದ ನಾವು ಮಾಡಬಹುದಾದುದೂ ಒಂದಿದೆ. ನಮ್ಮ ರಾಷ್ಟ್ರೀಯ ಸೇವಾ ಯೋಜನೆಯ ಶಿಬಿರಗಳಲ್ಲಿ ರಸ್ತೆ ಗುಡಿಸುತ್ತೇವೆ, ಸಸಿ ನೆಡುತ್ತೇವೆ. ಬರುವ ಚಳಿಗಾಲದ ಶಿಬಿರದಲ್ಲಿ ಒಂದು ದಿನವನ್ನು ಕೈಯ ಅಳತೆಗೆ ಮೀಸಲಿಡೋಣ. ಶಿಬಿರದ ಹಳ್ಳಿಯಲ್ಲಿ ಕೊಯ್ಲಿಗೆ ಹೋಗುವ ತಾಯಂದಿರ ಕೈಗಳನ್ನು ಕಾಗದದ ಮೇಲೆ ಗೀಚಿ, ಎಡ ಬಲಗಳೆರಡರ ಕೆಲಸವನ್ನೂ ಅವರ ಬಾಯಿಂದಲೇ ಕೇಳಿ ಬರೆದುಕೊಂಡು, ದರ್ಜಿಯ ಮುಂದೆ ಇಡೋಣ. ಹತ್ತು ಜೊತೆ ಹೊಲಿಸಿ, ಹತ್ತು ದಿನ ಹೊಲದಲ್ಲಿ ಪರೀಕ್ಷಿಸಲಿ. ಆ ಪರೀಕ್ಷೆಗೆ ಅವರೇ ಪರೀಕ್ಷಕರು. ಅವರು ಬೇಡವೆಂದುದನ್ನು ಬಿಚ್ಚಿ ಮತ್ತೆ ಹೊಲಿಸೋಣ.