ರಾತ್ರಿಗೆ ಸುಣ್ಣ ಬಳಿದವರು

ನಮ್ಮ ಕನ್ನಡ ಬ್ಲಾಗುಗಳಲ್ಲಿ ಒಂದು ಸುತ್ತು ಹಾಕಿ ಬನ್ನಿ. ಚಂದಿರ, ತಾರೆ, ಬೆಳದಿಂಗಳು, ಕಪ್ಪು ಸೆರಗಿನ ಇರುಳು... ಇವು ಇಲ್ಲದ ಕವನ ಸಿಕ್ಕರೆ ನನಗೂ ಒಂದು ಲಿಂಕ್ ಕಳಿಸಿ :-) ಬರೆಯಲಿ, ಬೇಡ ಅನ್ನೋಕೆ ನಾನ್ಯಾರು? ನನ್ನ ತಕರಾರು ಬೇರೆ. ಬೆಂಗಳೂರಿನ ಮನೆಯೊಳಗೆ ಫ್ಯಾನಿನ ಕೆಳಗೆ ಕೂತು ಸಾವಿರಾರು ತಾರೆಗಳ ಬಗ್ಗೆ ಟೈಪ್ ಮಾಡುವವರಲ್ಲಿ ಎಷ್ಟು ಜನ ಅದೇ ಮನೆಯ ಟೆರೇಸಿಗೆ ಹತ್ತಿ ಎಣಿಸಿದ್ದಾರೆ? ಸಾವಿರ ಬಿಡಿ, ನೂರು ಸಿಕ್ಕರೆ ನಿಮ್ಮ ಪುಣ್ಯ. ಹೋಗಲಿ, ಬಾನು ಕಪ್ಪಗಿದೆಯಾ ಅಂತಾದರೂ ನೋಡಿದ್ದೀರಾ? ಕಪ್ಪಗಿಲ್ಲ. ಹಳೇ ಗೋಡೆಗೆ ತೆಳ್ಳಗೆ ಸುಣ್ಣ ಬಳಿದ ಹಾಗಿದೆ. ಮೋಡ ಕವಿದ ರಾತ್ರಿಯಂತೂ ಇನ್ನೂ ಬೆಳ್ಳಗೆ.

ನಾನು ಹೇಳಬೇಕು ಅಂದುಕೊಂಡಿರೋದು ಇಷ್ಟೇ. ರಾತ್ರಿ ಆಕಾಶದ ಬಣ್ಣ ಬದಲಾಗಿದೆ. ಬದಲಾಯಿಸಿದವರು ನಾವು. ಇದು ಅಭಿವೃದ್ಧಿಯೂ ಅಲ್ಲ, ಅಭಿವೃದ್ಧಿಗಾಗಿ ತೆರಲೇಬೇಕಾದ ಬೆಲೆಯೂ ಅಲ್ಲ. ದೀಪ ಹಾಕುವುದರಲ್ಲಿ ನಮಗಿರುವ ಉಡಾಫೆ, ಅಷ್ಟೇ.

ಇದು ಹೇಗೆ ಆಯಿತು ಅಂತ ತಿಳಿಯಬೇಕಾದರೆ ಹಗಲಿನಿಂದ ಶುರು ಮಾಡಬೇಕು. ಆಕಾಶ ನೀಲಿ ಯಾಕೆ? ಸೂರ್ಯನ ಬೆಳಕಿನಲ್ಲಿ ಎಲ್ಲ ಬಣ್ಣಗಳೂ ಇವೆ. ಗಾಳಿಯ ಅಣುಗಳು ಆ ಬೆಳಕನ್ನು ಚದುರಿಸುತ್ತವೆ, ಆದರೆ ಎಲ್ಲ ಬಣ್ಣಗಳನ್ನೂ ಒಂದೇ ಸಮನಾಗಿ ಅಲ್ಲ. ಅಲೆಯ ಉದ್ದ ಕಡಿಮೆಯಾದಷ್ಟೂ ಚದುರುವುದು ಹೆಚ್ಚು. ಲಾರ್ಡ್ ರ್‍ಯಾಲೆ 1871ರಲ್ಲಿ ಇದರ ಲೆಕ್ಕ ಕೊಟ್ಟರು: ಅಲೆಯ ಉದ್ದ ಅರ್ಧಕ್ಕಿಳಿದರೆ ಚದುರುವುದು ಹದಿನಾರು ಪಟ್ಟು ಹೆಚ್ಚುತ್ತದೆ. ಈ ಲೆಕ್ಕದಲ್ಲಿ 450 ನ್ಯಾನೊಮೀಟರಿನ ನೀಲಿ ಬೆಳಕು 700 ನ್ಯಾನೊಮೀಟರಿನ ಕೆಂಪಿಗಿಂತ ಸುಮಾರು ಆರು ಪಟ್ಟು ಚದುರುತ್ತದೆ. ಆಕಾಶದ ಯಾವ ಮೂಲೆ ನೋಡಿದರೂ ಚದುರಿದ ನೀಲಿಯೇ ಕಣ್ಣಿಗೆ ಬೀಳೋದು ಅದಕ್ಕೇ. ಸಂಜೆ ಬೆಳಕು ಹೆಚ್ಚು ಗಾಳಿ ದಾಟಿ ಬರುವಾಗ ನೀಲಿಯೆಲ್ಲ ದಾರಿಯಲ್ಲೇ ಚದುರಿಹೋಗಿ ಕೆಂಪು ಉಳಿಯೋದೂ ಅದಕ್ಕೇ.

ಸೂರ್ಯ ಮುಳುಗಿದ ಮೇಲೆ ಈ ಗಾಳಿ ರಜೆ ಹಾಕುವುದಿಲ್ಲ! ಕೆಳಗಿನಿಂದ ಬೆಳಕು ಬಂದರೆ ಅದನ್ನೂ ಅದೇ ನಿಯಮದಲ್ಲಿ ಚದುರಿಸುತ್ತದೆ. ಹಳೆಯ ಸೋಡಿಯಂ ದೀಪದ ಹಳದಿ ಬೆಳಕು ಹೆಚ್ಚಾಗಿ 589 ನ್ಯಾನೊಮೀಟರಿನ ಆಸುಪಾಸಿನದು. ಈಗಿನ ಬಿಳಿ ಎಲ್‌ಇಡಿ ನಿಜವಾಗಿ ಒಂದು ನೀಲಿ ಎಲ್‌ಇಡಿ. ಅದರ ಮೇಲೆ ಬಳಿದ ಪುಡಿ ಆ ನೀಲಿಯಲ್ಲಿ ಒಂದಷ್ಟನ್ನು ಹಳದಿಗೆ ತಿರುಗಿಸಿ, ಎರಡೂ ಬೆರೆತು ಬಿಳಿಯಾಗಿ ಕಾಣುತ್ತದೆ. ತಿರುಗದೆ ಉಳಿದ ನೀಲಿ 450ರ ಹತ್ತಿರ ಇರುತ್ತದೆ. ರ್‍ಯಾಲೆ ಲೆಕ್ಕ ಹಾಕಿ ನೋಡಿ, ಗಾಳಿಯಲ್ಲಿ ಇದು ಸೋಡಿಯಂ ಹಳದಿಯ ಸುಮಾರು ಮೂರು ಪಟ್ಟು ಚದುರುತ್ತದೆ. ಅಂದರೆ ಹಗಲಿಗೆ ನೀಲಿ ಕೊಟ್ಟ ಅದೇ ಗಾಳಿಯ ಕೈಗೆ ರಾತ್ರಿ ಸುಣ್ಣದ ಬಕೆಟ್ಟು ಕೊಟ್ಟವರು ನಾವು. ಒಂದು ಕಾಲಕ್ಕೆ ಊರಿನ ಮೇಲಿನ ಆಕಾಶ ಕಿತ್ತಳೆಯಾಗಿತ್ತು, ಈಗ ಬೂದುಬಿಳಿ. ಕೇಂದ್ರ ಸರಕಾರದ ಬೀದಿ ದೀಪ ಯೋಜನೆ 2015ರಲ್ಲಿ ಶುರುವಾಗಿ ದೇಶದಲ್ಲಿ ಒಂದು ಕೋಟಿಗೂ ಹೆಚ್ಚು ಎಲ್‌ಇಡಿ ಬೀದಿ ದೀಪ ಹಾಕಿತು. ಕರೆಂಟು ಉಳಿಯಿತು, ನಿಜ. ಅದನ್ನು ಅಲ್ಲಗಳೆಯುತ್ತಿಲ್ಲ. ಉಳಿದ ಕರೆಂಟಿನಲ್ಲಿ ಇನ್ನೂ ನಾಲ್ಕು ದೀಪ ಹಾಕಿದ್ದು ಮಾತ್ರ ತಕರಾರು.

ಬೆಂಗಳೂರಿನವನ ಗೊಣಗಾಟ ಅಂದುಕೊಳ್ಳಬೇಡಿ. 2016ರಲ್ಲಿ ಬಂದ ಜಾಗತಿಕ ನಕ್ಷೆಯ ಪ್ರಕಾರ ಪ್ರಪಂಚದ ಶೇಕಡಾ 80ಕ್ಕೂ ಹೆಚ್ಚು ಜನ ಬದುಕುತ್ತಿರುವುದು ಬೆಳಕಿನಿಂದ ಕೆಟ್ಟ ಆಕಾಶದ ಕೆಳಗೆ. ಮೂವರಲ್ಲಿ ಒಬ್ಬರಿಗೆ ಮನೆಯ ಹತ್ತಿರದಿಂದ ಆಕಾಶಗಂಗೆ ಕಾಣುವುದಿಲ್ಲ. 2023ರ ಜನವರಿಯಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಇನ್ನೊಂದು ಲೆಕ್ಕ ಬಂತು. 2011ರಿಂದ 2022ರವರೆಗೆ ನಾನಾ ದೇಶಗಳ ಸಾಮಾನ್ಯ ಜನ ಬರಿಗಣ್ಣಿನಲ್ಲಿ ಆಕಾಶ ನೋಡಿ ದಾಖಲಿಸಿದ ಐವತ್ತು ಸಾವಿರಕ್ಕೂ ಹೆಚ್ಚು ವರದಿಗಳನ್ನು ಒಟ್ಟುಗೂಡಿಸಿದಾಗ ಆಕಾಶ ವರ್ಷಕ್ಕೆ ಸರಾಸರಿ ಶೇಕಡಾ 9.6ರಷ್ಟು ಬೆಳ್ಳಗಾಗುತ್ತಿದೆ ಅಂತ ತಿಳಿಯಿತು. ಮಗು ಹುಟ್ಟಿದಾಗ 250 ನಕ್ಷತ್ರ ಕಾಣುತ್ತಿದ್ದ ಜಾಗದಲ್ಲಿ ಅದಕ್ಕೆ ಹದಿನೆಂಟು ತುಂಬುವ ಹೊತ್ತಿಗೆ ನೂರು ಉಳಿದಿರುತ್ತವೆ. ತಮಾಷೆ ಏನು ಗೊತ್ತಾ? ಅದಕ್ಕೆ ಮುಂಚೆ ಉಪಗ್ರಹದ ಲೆಕ್ಕ ವರ್ಷಕ್ಕೆ ಬರೀ ಶೇಕಡಾ 2ರ ಆಸುಪಾಸು ಹೇಳಿತ್ತು. ಆ ಉಪಗ್ರಹದ ಕಣ್ಣಿಗೆ 500 ನ್ಯಾನೊಮೀಟರಿಗಿಂತ ಕೆಳಗಿನ ನೀಲಿ ಕಾಣುವುದೇ ಇಲ್ಲ. ಯಾವುದು ಹೆಚ್ಚು ಕೆಡಿಸುತ್ತದೋ ಅದಕ್ಕೇ ಅದು ಕುರುಡು. ಟೆರೇಸಿನ ಮೇಲೆ ಕತ್ತೆತ್ತಿ ನಿಂತ ಮನುಷ್ಯನ ಲೆಕ್ಕವೇ ವಾಸಿ.

ಇದರಿಂದ ಏನು ಗಂಟು ಹೋಯಿತು ಅಂತ ಕೇಳುವವರಿಗೆ ನಮ್ಮ ಮದುವೆ ಮನೆಯ ಉದಾಹರಣೆ ಕೊಡುತ್ತೇನೆ. ಮದುಮಕ್ಕಳಿಗೆ ಅರುಂಧತಿ ನಕ್ಷತ್ರ ತೋರಿಸುವ ಶಾಸ್ತ್ರ ಇದೆಯಲ್ಲ, ಅದು ಸಪ್ತರ್ಷಿ ಮಂಡಲದಲ್ಲಿ ವಸಿಷ್ಠನ ಪಕ್ಕ ಅಂಟಿಕೊಂಡಿರುವ ಮಂಕು ಚುಕ್ಕೆ. ವಸಿಷ್ಠನ ಕಾಂತಿಮಾನ 2ರ ಸುಮಾರು, ಅರುಂಧತಿಯದು 4 (ಸಂಖ್ಯೆ ಹೆಚ್ಚಿದಷ್ಟೂ ಮಂಕು). ಈಗಿನ ಕಲ್ಯಾಣ ಮಂಟಪಗಳಲ್ಲಿ ಹಾಡಹಗಲು ಪುರೋಹಿತರು ಚಾವಣಿ ಕಡೆ ಕೈ ತೋರಿಸುತ್ತಾರೆ, ಮದುಮಕ್ಕಳು ಟ್ಯೂಬ್‌ಲೈಟಿಗೆ ಕೈ ಮುಗಿಯುತ್ತಾರೆ. ನಾವೆಲ್ಲ ನಗುತ್ತೇವೆ. ಆದರೆ ಅದೇ ರಾತ್ರಿ ಹೊರಗೆ ಕರೆದುಕೊಂಡು ಬಂದು ತೋರಿಸುತ್ತೇನೆ ಅಂದರೂ ನಗರದ ನಡುವೆ ಅರುಂಧತಿಯನ್ನು ಹುಡುಕಿ ತೋರಿಸುವುದು ಪುರೋಹಿತರಿಗೆ ಸುಲಭವಲ್ಲ. ಶಾಸ್ತ್ರ ಉಳಿಸಿಕೊಂಡೆವು, ನಕ್ಷತ್ರ ಕಳೆದುಕೊಂಡೆವು. ಸಂಸ್ಕೃತಿ ರಕ್ಷಣೆ ಅಂತ ಗಂಟಲು ಹರಿದುಕೊಳ್ಳುವವರು ಯಾರೂ ಇದಕ್ಕೆ ಮೆರವಣಿಗೆ ತೆಗೆದದ್ದು ನಾನು ಕಂಡಿಲ್ಲ.

ಬೆಳದಿಂಗಳೂಟದ ಕಥೆಯೂ ಇಷ್ಟೇ. ಹುಣ್ಣಿಮೆ ಚಂದ್ರ ನೆತ್ತಿ ಮೇಲಿದ್ದಾಗ ನೆಲಕ್ಕೆ ಬೀಳುವ ಬೆಳಕು ಒಂದು ಲಕ್ಸ್‌ನ ಕಾಲು ಭಾಗದಷ್ಟು. ದೊಡ್ಡ ರಸ್ತೆಯ ದೀಪದ ಕೆಳಗೆ ಹತ್ತು ಲಕ್ಸ್‌ಗೂ ಹೆಚ್ಚು, ಅಂದರೆ ನಲವತ್ತು ಹುಣ್ಣಿಮೆ! ಈ ಬೀದಿಯಲ್ಲಿ ಬೆಳದಿಂಗಳು ಚೆಲ್ಲಿದೆ ಅಂತ ಬರೆಯುವ ಕವಿಗಳೇ, ಅದು ಪಾಲಿಕೆ ಚೆಲ್ಲಿದ್ದು ಸ್ವಾಮಿ.

ಇನ್ನೊಂದು ವಿಷಯ ನೋಡಿ. ಲಡಾಖಿನ ಹಾನ್ಲೆಯಲ್ಲಿ 4500 ಮೀಟರ್ ಎತ್ತರದ ಗುಡ್ಡದ ಮೇಲೆ ಭಾರತೀಯ ಖಭೌತ ಸಂಸ್ಥೆಯ ದೂರದರ್ಶಕ ಇದೆ. ಅದನ್ನು ನಡೆಸುವುದು ಎಲ್ಲಿಂದ? ನಮ್ಮ ಹೊಸಕೋಟೆಯ ಕೇಂದ್ರದಿಂದ, ಉಪಗ್ರಹ ಸಂಪರ್ಕದ ಮೂಲಕ. ದೂರದರ್ಶಕವನ್ನು ಅಲ್ಲಿ ಇಟ್ಟಿರುವುದಕ್ಕೆ ಆ ಜಾಗದ ಎತ್ತರ, ಒಣ ಹವೆ ಎಲ್ಲ ಕಾರಣ ಇವೆ, ಬೆಂಗಳೂರನ್ನು ದೂರುವಂತಿಲ್ಲ. ಆದರೂ ಹೊಸಕೋಟೆಯಲ್ಲಿ ಕೂತವರಿಗೆ ಹಾನ್ಲೆಯ ಆಕಾಶ ಕಾಣುತ್ತದೆ, ಹೊಸಕೋಟೆಯವರಿಗೆ ಹೊಸಕೋಟೆಯ ಆಕಾಶ ಸರಿಯಾಗಿ ಕಾಣುವುದಿಲ್ಲ. ಆ ಹಾನ್ಲೆಯ ಸುತ್ತ ಸಾವಿರಕ್ಕೂ ಹೆಚ್ಚು ಚದರ ಕಿಲೋಮೀಟರನ್ನು 2022ರಲ್ಲಿ ಕಪ್ಪು ಆಕಾಶದ ಮೀಸಲು ಪ್ರದೇಶ ಅಂತ ಘೋಷಿಸಿದರು. ಊರಿನವರಿಗೇ ತರಬೇತಿ ಕೊಟ್ಟು, ಬಂದವರಿಗೆ ನಕ್ಷತ್ರ ತೋರಿಸುವ ಕೆಲಸ ಕೊಟ್ಟಿದ್ದಾರೆ. ಮಹಾರಾಷ್ಟ್ರದ ಪೆಂಚ್ ಹುಲಿ ಕಾಡು 2024ರಲ್ಲಿ ಇಂಥದ್ದೇ ಅಂತರರಾಷ್ಟ್ರೀಯ ಮನ್ನಣೆ ಪಡೆಯಿತು. ನಮಗೇನು ಕಡಿಮೆ? ಪ್ರಾಣಿಗಳಿಗೆ ರಾತ್ರಿ ಬೇಕು ಅಂತ 2009ರಲ್ಲೇ ಬಂಡೀಪುರದ ಹೆದ್ದಾರಿಯಲ್ಲಿ ರಾತ್ರಿ ಸಂಚಾರ ನಿಲ್ಲಿಸಿದ ರಾಜ್ಯ ನಮ್ಮದು. ಆನೆಗೆ ಬೇಕಾದ ಕತ್ತಲು ಮನುಷ್ಯನಿಗೆ ಬೇಡವೇ?

ಈಗ ಬರುವ ಆಕ್ಷೇಪಣೆಗಳು ನನಗೆ ಗೊತ್ತು. 'ಹೆಣ್ಣುಮಕ್ಕಳು ರಾತ್ರಿ ಓಡಾಡೋದು ಬೇಡವೇನ್ರೀ?' ಇದನ್ನು ನಾನು ಹಗುರವಾಗಿ ತೆಗೆದುಕೊಳ್ಳುವುದಿಲ್ಲ. ಇಂಗ್ಲೆಂಡ್ ಮತ್ತು ವೇಲ್ಸಿನ 62 ಸ್ಥಳೀಯ ಆಡಳಿತಗಳ ಅಂಕಿ ಅಂಶ ನೋಡಿ 2015ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಬೀದಿ ದೀಪ ಮಂಕು ಮಾಡಿದ್ದರಿಂದ ಅಥವಾ ಆರಿಸಿದ್ದರಿಂದ ಅಪರಾಧವೋ ಅಪಘಾತವೋ ಹೆಚ್ಚಿದ ಪುರಾವೆ ಸಿಗಲಿಲ್ಲ. ನ್ಯೂಯಾರ್ಕಿನ ವಸತಿ ಸಮುಚ್ಚಯಗಳಲ್ಲಿ 2016ರಲ್ಲಿ ದೀಪ ಹೆಚ್ಚಿಸಿದಾಗ ರಾತ್ರಿ ಅಪರಾಧ ಕಡಿಮೆ ಆದದ್ದೂ ಇದೆ. ಹಾಗಾಗಿ ದೀಪ ಆರಿಸಿ ಅಂತ ನಾನು ಕೇಳುತ್ತಲೇ ಇಲ್ಲ. ಹೆಣ್ಣುಮಗಳು ನಡೆಯುವುದು ನೆಲದ ಮೇಲೆ, ಬೆಳಕು ಬೀಳಬೇಕಾದದ್ದು ನೆಲಕ್ಕೆ. ಮೋಡಕ್ಕೆ ಬಿದ್ದ ಬೆಳಕು ಯಾವ ಹೆಣ್ಣುಮಗಳನ್ನು ಕಾಯುತ್ತದೆ? ನಮ್ಮ ರಸ್ತೆಯ ತುದಿಯ ಅಪಾರ್ಟ್‌ಮೆಂಟಿನ ಕಾಂಪೌಂಡಿನಲ್ಲಿ ಒಂದು ಫ್ಲಡ್‌ಲೈಟ್ ಇದೆ, ನೇರ ಎದುರಿನವರ ಕಣ್ಣಿಗೆ ಹೊಡೆಯುವ ಹಾಗೆ. ಅದರ ಕೆಳಗೆ ಯಾರು ನಿಂತಿದ್ದಾರೆ ಅಂತ ಹತ್ತಡಿ ದೂರದಿಂದ ಗೊತ್ತಾಗುವುದಿಲ್ಲ. ದೀಪದ ಬುಡ ಕತ್ತಲು ಅಂತ ಹಿರಿಯರು ಹೇಳಿದ್ದು ಇದನ್ನೇ ಇರಬೇಕು.

'ಕತ್ತಲೆ ಅಂದರೆ ಅಜ್ಞಾನ, ಬೆಳಕು ಅಂದರೆ ಜ್ಞಾನ' ಅನ್ನುವವರು ಇನ್ನೊಂದು ಗುಂಪು. ರೂಪಕವನ್ನು ಬಲ್ಬಿನ ಹೋಲ್ಡರಿಗೆ ಸಿಕ್ಕಿಸಬೇಡಿ ಮಾರಾಯರೇ. ಗ್ರಹ, ನಕ್ಷತ್ರ, ತಿಥಿ, ಪಂಚಾಂಗದ ಜ್ಞಾನ ಎಲ್ಲ ಬಂದದ್ದು ಕತ್ತಲೆಯಲ್ಲಿ ಕತ್ತೆತ್ತಿದವರಿಂದ. ಮಳೆಗೆ ಆರಿದ್ರೆ, ಮಖೆ, ಹಸ್ತ ಅಂತ ನಕ್ಷತ್ರದ ಹೆಸರಿಟ್ಟ ರೈತರ ನಾಡಿದು. ಈಗ ಆ ಹೆಸರು ಕ್ಯಾಲೆಂಡರಿನಲ್ಲಿದೆ, ನಕ್ಷತ್ರ ಎಲ್ಲಿದೆ ಅಂತ ಕೇಳಿದರೆ ಮುಖ ಮುಖ ನೋಡುತ್ತೇವೆ.

'ಇದೆಲ್ಲ ಹೊಟ್ಟೆ ತುಂಬಿದವರ ಮಾತು' ಅನ್ನುವವರಿಗೆ ಉತ್ತರ ಇನ್ನೂ ಸುಲಭ. ಆಕಾಶಕ್ಕೆ ಹೋದ ಬೆಳಕಿಗೂ ಬಿಲ್ಲು ಬರುತ್ತದೆ, ಅದನ್ನು ಕಟ್ಟುವುದು ನಮ್ಮದೇ ತೆರಿಗೆ. 1905ರಲ್ಲೇ ಶಿವನಸಮುದ್ರದ ಕರೆಂಟಿನಿಂದ ಬೀದಿ ದೀಪ ಹೊತ್ತಿಸಿಕೊಂಡ ಊರು ನಮ್ಮದು ಅಂತ ಹೆಮ್ಮೆ ಪಡುತ್ತೇವೆ. ದೀಪ ಹೊತ್ತಿಸುವುದರಲ್ಲಿ ಮುಂದಿದ್ದ ಊರಿಗೆ ಅದನ್ನು ಯಾವ ಕಡೆ ತಿರುಗಿಸಬೇಕು ಅನ್ನುವುದು ಇನ್ನೂ ಗೊತ್ತಾಗಲಿಲ್ಲವಾ?

ಬೇಕಾದದ್ದು ನಾಲ್ಕೇ. ಒಂದು, ದೀಪದ ಮೇಲೆ ಮುಚ್ಚಳ ಇರಲಿ, ಒಂದು ಕಿರಣವೂ ಮೇಲಕ್ಕೆ ಹೋಗಬಾರದು. ಎರಡು, ಬಿಳಿ ಬೇಡ, ಬೆಚ್ಚನೆಯ ಹಳದಿ ಇರಲಿ. ಬಣ್ಣದ ತಾಪ 3000 ಕೆಲ್ವಿನ್ ಮೀರುವುದು ಬೇಡ ಅಂತ ಅಮೆರಿಕದ ವೈದ್ಯರ ಸಂಘ 2016ರಲ್ಲೇ ಹೇಳಿದೆ. ಫ್ರಾನ್ಸ್ 2018ರಲ್ಲಿ ಮೇಲಕ್ಕೆ ಹೋಗುವ ಬೆಳಕಿಗೂ ಬಣ್ಣದ ತಾಪಕ್ಕೂ ಮಿತಿ ಹಾಕಿ ನಿಯಮವನ್ನೇ ಮಾಡಿದೆ. ಮೂರು, ನಡುರಾತ್ರಿ ಆದಮೇಲೆ ಮಂಕು ಮಾಡಿ. ಎಲ್‌ಇಡಿಯಲ್ಲಿ ಅದು ಸುಲಭ, ಆ ಒಂದು ಒಳ್ಳೆ ಗುಣವನ್ನೇ ನಾವು ಬಳಸುತ್ತಿಲ್ಲ. ನಾಲ್ಕು, ಅಂಗಡಿ ಬೋರ್ಡು, ಜಾಹೀರಾತು ಪರದೆಗಳನ್ನು ಗಿರಾಕಿ ಮನೆಗೆ ಹೋದ ಮೇಲೆ ಆರಿಸಿ. ಹೊಳೆಯ ಕೊಳೆ ತೆಗೆಯಲು ವರ್ಷಗಟ್ಟಲೆ ಬೇಕು. ಆಕಾಶದ ಈ ಕೊಳೆ ಸ್ವಿಚ್ ಆರಿಸಿದ ಕ್ಷಣ ಹೋಗುತ್ತದೆ. ಇಷ್ಟು ಅಗ್ಗದಲ್ಲಿ ವಾಪಸ್ ಸಿಗುವ ಇನ್ನೊಂದು ಆಸ್ತಿ ಇದ್ದರೆ ಹೇಳಿ.

ಕೊನೆಗೆ ಬ್ಲಾಗಿಗ ಮಿತ್ರರಿಗೆ ಒಂದು ಮನೆಗೆಲಸ. ಏಪ್ರಿಲ್, ಮೇ ತಿಂಗಳಲ್ಲಿ ಅಮಾವಾಸ್ಯೆಯ ಆಸುಪಾಸು, ಸೂರ್ಯ ಮುಳುಗಿ ಒಂದೂವರೆ ಗಂಟೆ ಕಳೆದ ಮೇಲೆ ಟೆರೇಸಿಗೆ ಹೋಗಿ. ಮೊಬೈಲು ಜೇಬಿನಲ್ಲಿರಲಿ. ಕಣ್ಣು ಕತ್ತಲಿಗೆ ಒಗ್ಗಲು ಇಪ್ಪತ್ತು ನಿಮಿಷ ಕೊಡಿ. ಉತ್ತರಕ್ಕೆ ತಿರುಗಿ ಸಪ್ತರ್ಷಿ ಮಂಡಲ ಹುಡುಕಿ, ಬಾಲದ ತುದಿಯಿಂದ ಎರಡನೆಯದು ವಸಿಷ್ಠ. ಪಕ್ಕದಲ್ಲಿ ಅರುಂಧತಿ ಕಾಣುತ್ತಾಳಾ? ನಿಮ್ಮ ಬ್ಲಾಗಿನಲ್ಲಿ ಊರಿನ ಹೆಸರು ಹಾಕಿ 'ಕಂಡಳು' ಅಥವಾ 'ಕಾಣಲಿಲ್ಲ' ಅಂತ ಒಂದೇ ಸಾಲು ಬರೆಯಿರಿ, ಆಕಾಶದ ಬಣ್ಣ ಹೇಗಿತ್ತು ಅನ್ನುವುದನ್ನೂ ಸೇರಿಸಿ. ಬೀದರಿನಿಂದ ಚಾಮರಾಜನಗರದವರೆಗೆ ಒಂದು ನಕ್ಷೆ ತಾನಾಗಿ ಆಗುತ್ತದೆ.

ಕಾಣಲಿಲ್ಲ ಅಂತಾದರೆ ಮುಂದಿನ ಬೆಳದಿಂಗಳ ಕವನಕ್ಕೆ ಮುಂಚೆ ನಿಮ್ಮೂರಿನ ಪಾಲಿಕೆಗೋ ಪಂಚಾಯಿತಿಗೋ ಒಂದು ಪತ್ರ ಬರೆಯಿರಿ. ಕವನಕ್ಕಿಂತ ಚಿಕ್ಕದಾಗಿರಲಿ, ಓದಿಯಾರು.

ಏನಂತೀರಿ?