ಹಡಗು ಬಾರದಿದ್ದರೂ ದ್ವೀಪ ಭಾರತದ್ದೇ ಆಗಿತ್ತು

ಗೋಕಾಕ ತಾಲೂಕಿನ ಮಮದಾಪುರಕ್ಕೂ ಅರಬಿ ಸಮುದ್ರಕ್ಕೂ ಏನು ಸಂಬಂಧ? ಇಲ್ಲಿಯ ಜನ ನೀರೆಂದರೆ ಘಟಪ್ರಭೆಯನ್ನು ಬಲ್ಲರು, ಅಷ್ಟೆ. ಆದರೂ ಮೊನ್ನೆ ಜುಮಾ ನಮಾಝಿನ ಬಳಿಕ ಕಾಲೇಜು ಓದುವ ಹುಡುಗನೊಬ್ಬ ಮಸೀದಿಯ ಅಂಗಳದಲ್ಲಿ ನಮ್ಮನ್ನು ತಡೆದು ಕೇಳಿದ್ದು ಸಮುದ್ರದಾಚೆಯ ಪ್ರಶ್ನೆಯನ್ನೇ. “ಮೌಲಾನಾ ಸಾಬ, ಪಟೇಲರು ಹಡಗು ಕಳಸದಿದ್ರ ಲಕ್ಷದ್ವೀಪ ಪಾಕಿಸ್ತಾನಕ್ಕ ಹೋಗ್ತಿತ್ತಂತ. ಖರೇ ಏನ್ರಿ?” ಸಹಪಾಠಿಯೊಬ್ಬ ಈ ಕಥೆಯನ್ನು ಮೊಬೈಲಿಗೆ ಕಳುಹಿಸಿ, ‘ಇದಕ್ಕೆ ನಿನ್ನ ಉತ್ತರವೇನು?’ ಎಂದು ಕೇಳಿದ್ದನಂತೆ. ಆ ‘ನಿನ್ನ’ ಎಂಬ ಪದವೇ ಹುಡುಗನನ್ನು ಚುಚ್ಚಿತ್ತು.

ಕಥೆ ಹಳೆಯದು. ವಿಭಜನೆಯ ಬೆನ್ನಿಗೇ ಪಾಕಿಸ್ತಾನದ ಹಡಗೊಂದು ದ್ವೀಪದತ್ತ ಹೊರಟಿತು, ಸರ್ದಾರ್ ಪಟೇಲರು ಮುದಲಿಯಾರ್ ಸೋದರರಿಗೆ ಸೂಚನೆ ನೀಡಿ ಮೊದಲೇ ತ್ರಿವರ್ಣ ಧ್ವಜ ಹಾರಿಸಿದರು, ಬಂದ ಹಡಗು ಹಿಂದಿರುಗಿತು ಎಂಬುದು ಅದರ ಸಾರಾಂಶ. 2019ರ ಅಕ್ಟೋಬರ್‌ನ ‘ಮನ್ ಕಿ ಬಾತ್’ನಲ್ಲಿ ಪ್ರಧಾನಿಯವರೂ ಇದನ್ನು ಸ್ಮರಿಸಿದ್ದರು. ಪಟೇಲರ ಮುತ್ಸದ್ದಿತನದ ಬಗ್ಗೆ ನಮ್ಮ ತಕರಾರಿಲ್ಲ. ಧ್ವಜ ಹಾರಿದ್ದು ಸಂತೋಷವೇ. ಆದರೆ ಆ ಕಥೆಗೆ ಬಾಲದಂತೆ ಅಂಟಿಸಲಾಗುವ ‘ಇಲ್ಲದಿದ್ದರೆ...’ ಎಂಬ ಮಾತಿದೆಯಲ್ಲ, ತಕರಾರು ಇರುವುದು ಅಲ್ಲಿ. ದ್ವೀಪದ ಜನರು ಮುಸ್ಲಿಮರು, ಆದ್ದರಿಂದ ಯಾರ ಹಡಗು ಮೊದಲು ಬರುತ್ತದೋ ಅವರ ಹಿಂದೆ ಹೋಗಿಬಿಡುತ್ತಿದ್ದರು ಎಂಬ ಆರೋಪವನ್ನು ಅದು ಆರೋಪವೆಂದು ಹೇಳದೆಯೇ ಮಾಡುತ್ತದೆ.

ಹಡಗು ಬಂದಿತ್ತೇ ಇಲ್ಲವೇ ಎಂಬ ಚರ್ಚೆಗೆ ನಾವು ಇಳಿಯುವುದಿಲ್ಲ. ಅದರ ಅಗತ್ಯವೂ ಇಲ್ಲ. 1947ರಲ್ಲಿ ಲಕ್ಷದ್ವೀಪವು ಹೈದರಾಬಾದಿನಂತೆಯೋ ಜುನಾಗಢದಂತೆಯೋ ಅರಸನೊಬ್ಬನ ಸಂಸ್ಥಾನವಾಗಿರಲಿಲ್ಲ. ಅಲ್ಲಿ ಒಪ್ಪಂದಕ್ಕೆ ಸಹಿ ಹಾಕಬೇಕಾದವರು ಯಾರೂ ಇರಲಿಲ್ಲ. ಕಣ್ಣೂರಿನ ಅರಕ್ಕಲ್ ಮನೆತನವು ತನ್ನ ದ್ವೀಪಗಳ ಹಕ್ಕನ್ನು 1908ರ ಒಪ್ಪಂದದ ಮೂಲಕ ಬ್ರಿಟಿಷರಿಗೆ ಬಿಟ್ಟುಕೊಟ್ಟಾಗಿತ್ತು. ಆ ದ್ವೀಪಗಳು ಮಲಬಾರ್ ಜಿಲ್ಲೆಗೂ, ಅಮಿನಿ, ಕದ್ಮತ್, ಕಿಲ್ತಾನ್, ಚೆತ್ಲತ್, ಬಿತ್ರಾಗಳನ್ನೊಳಗೊಂಡ ಅಮಿನ್‌ದಿವಿ ಗುಂಪು ನಮ್ಮ ದಕ್ಷಿಣ ಕನ್ನಡ ಜಿಲ್ಲೆಗೂ ಸೇರಿದ್ದವು. ಎರಡೂ ಮದರಾಸು ಪ್ರಾಂತದ ಜಿಲ್ಲೆಗಳು. ಪಾಕಿಸ್ತಾನಕ್ಕೆ ಯಾವ ಪ್ರದೇಶಗಳು ಹೋಗಬೇಕೆಂದು 1947ರ ಭಾರತ ಸ್ವಾತಂತ್ರ್ಯ ಕಾಯಿದೆ ಹೆಸರಿಸಿತ್ತು. ಅದರಲ್ಲಿ ಮದರಾಸು ಇರಲಿಲ್ಲ. ಅಂದರೆ ಮಂಗಳೂರು ಯಾವ ಗಳಿಗೆಯಲ್ಲಿ ಸ್ವತಂತ್ರ ಭಾರತದ್ದಾಯಿತೋ ಅಮಿನಿಯೂ ಅದೇ ಗಳಿಗೆಯಲ್ಲಿ ಆಯಿತು. ‘ಹಡಗು ಕಳುಹಿಸದಿದ್ದರೆ ಮಂಗಳೂರು ಪಾಕಿಸ್ತಾನಕ್ಕೆ ಹೋಗುತ್ತಿತ್ತು’ ಎಂದು ಯಾರಾದರೂ ಹೇಳಿದರೆ ನಾವು ನಗುವುದಿಲ್ಲವೇ?

ಇನ್ನು ನಮ್ಮದೇ ನೆಲಕ್ಕೆ ಬರೋಣ. ನೀರಿಲ್ಲದ ದ್ವೀಪಗಳು ಗೋಕಾಕದ ಸುತ್ತಲೇ ಇದ್ದವು. ಇದು ಬ್ರಿಟಿಷರ ಬೆಳಗಾವಿ ಜಿಲ್ಲೆಯ ತಾಲೂಕು. ಪಕ್ಕದ ರಾಯಬಾಗ ಕೊಲ್ಹಾಪುರದ ಅರಸರದು. ಬೆಳಗಾವಿ ಪೇಟೆಗೆ ತಾಗಿಕೊಂಡ ಶಹಾಪುರ ಸಾಂಗಲಿಯವರದು. ಅತ್ತ ಜಮಖಂಡಿ, ಇತ್ತ ರಾಮದುರ್ಗ. 1948ರ ಮಾರ್ಚ್ 8ರಂದು ಸಾಂಗಲಿ, ಜಮಖಂಡಿ, ರಾಮದುರ್ಗಗಳೊಂದಿಗೆ ನವಾಬರ ಸವಣೂರೂ ಮುಂಬಯಿ ಪ್ರಾಂತದಲ್ಲಿ ವಿಲೀನವಾಯಿತು. ಕೊಲ್ಹಾಪುರ ಒಂದು ವರ್ಷ ತಡವಾಗಿ, 1949ರ ಮಾರ್ಚ್ 1ರಂದು ಸೇರಿತು. ಈ ಊರುಗಳಿಗೆ ನಿಜವಾಗಿಯೂ ಸಹಿ ಬೇಕಾಗಿತ್ತು. ಆದರೂ ‘ಅರಸರು ಸಹಿ ಹಾಕದಿದ್ದರೆ ರಾಯಬಾಗದ ರೈತರು ಎಲ್ಲಿಗೆ ಹೋಗುತ್ತಿದ್ದರು?’ ಎಂದು ಯಾರೂ ಕೇಳಿದ್ದಿಲ್ಲ. ಕೇಳಬಾರದು ಕೂಡ. ಬೆಳಗಾವಿ ಮಹಾರಾಷ್ಟ್ರಕ್ಕೆ ಸೇರಬೇಕಿತ್ತು ಎಂದು 1956ರಿಂದಲೂ ಬಹಿರಂಗವಾಗಿ ವಾದಿಸುತ್ತಾ ಬಂದವರಿದ್ದಾರೆ, ಮಹಾಜನ ವರದಿಯ ಬಳಿಕವೂ ವಾದಿಸುತ್ತಿದ್ದಾರೆ. ಅದನ್ನು ಗಡಿ ವಿವಾದ ಎನ್ನಲಾಗುತ್ತದೆ. ಬೇರೆಲ್ಲಿಗೂ ಸೇರುತ್ತೇವೆಂದು ಬಾಯಿ ಬಿಡದ ದ್ವೀಪವಾಸಿಗಳ ವಿಷಯ ಬಂದಾಗ ಮಾತ್ರ ನಿಷ್ಠೆಯ ಪ್ರಶ್ನೆ ಏಳುತ್ತದೆ. ಯಾಕೆ?

ಹಾಗಂತ ನಮ್ಮವರೂ ಕಡಿಮೆಯೇನಲ್ಲ. ಒಂದು ಕಟ್ಟುಕಥೆಗೆ ಇನ್ನೊಂದು ಕಟ್ಟುಕಥೆಯೇ ಉತ್ತರವೆಂದು ಭಾವಿಸಿರುವ ಯುವಕರು ಸಮುದಾಯದಲ್ಲಿ ಬೇಕಾದಷ್ಟಿದ್ದಾರೆ. ‘ಟಿಪ್ಪು ಸುಲ್ತಾನರು ದ್ವೀಪವನ್ನು ಗೆದ್ದಿದ್ದರು’ ಎಂಬುದು ಅಂಥ ಒಂದು ಉತ್ತರ. ಗೆದ್ದದ್ದಲ್ಲ. ದ್ವೀಪಾಡಳಿತವೇ ಪ್ರಕಟಿಸಿದ ಇತಿಹಾಸದ ಪ್ರಕಾರ, 1783ರಲ್ಲಿ ಅರಕ್ಕಲ್ ಆಡಳಿತದಿಂದ ಬೇಸತ್ತ ಅಮಿನಿಯ ಕೆಲವರು ಮಂಗಳೂರಿಗೆ ಬಂದು, ತಮ್ಮನ್ನು ನೋಡಿಕೊಳ್ಳುವಂತೆ ಟಿಪ್ಪುವನ್ನು ಕೇಳಿಕೊಂಡರು. ಬೀಬಿಯೊಂದಿಗೆ ಸ್ನೇಹವಿದ್ದ ಟಿಪ್ಪು ಮಾತುಕತೆಯಿಂದಲೇ ಆ ಗುಂಪನ್ನು ಪಡೆದರು. ಅರಕ್ಕಲ್ ಮನೆತನವೂ ಮುಸ್ಲಿಮರದು, ಟಿಪ್ಪುವೂ ಮುಸ್ಲಿಮ್, ದ್ವೀಪದವರೂ ಮುಸ್ಲಿಮರು. ಜನರು ನೋಡಿದ್ದು ಆಡಳಿತ ಹೇಗಿದೆ ಎಂಬುದನ್ನು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಬಳಿಕ ಅಮಿನ್‌ದಿವಿ ಕಂಪೆನಿಯ ಪಾಲಾಯಿತು. ದ್ವೀಪದ ತೆಂಗಿನ ನಾರು ಮಂಗಳೂರಿಗೆ ಬರುವುದು, ಅಕ್ಕಿ ದ್ವೀಪಕ್ಕೆ ಹೋಗುವುದು ನಡೆದೇ ಇತ್ತು.

ಆದ್ದರಿಂದ ‘ಹಾಗಾಗಿದ್ದರೆ’ ಎಂದು ಊಹಿಸಲೇಬೇಕಾದರೆ 1947ರ ಬದಲು 1956ರ ನವೆಂಬರ್ 1ನ್ನು ಊಹಿಸಬೇಕು. ಅಂದು ದಕ್ಷಿಣ ಕನ್ನಡ ಮೈಸೂರು ರಾಜ್ಯಕ್ಕೆ ಬಂತು, ಕಾಸರಗೋಡು ಕೇರಳಕ್ಕೆ ಹೋಯಿತು. ಅಮಿನ್‌ದಿವಿಯನ್ನು ಜಿಲ್ಲೆಯಿಂದ ಬೇರ್ಪಡಿಸಿ, ಉಳಿದ ದ್ವೀಪಗಳೊಂದಿಗೆ ಕೇಂದ್ರಾಡಳಿತಕ್ಕೆ ಒಪ್ಪಿಸಲಾಯಿತು. ಜಿಲ್ಲೆಯೊಂದಿಗೇ ಇದ್ದಿದ್ದರೆ ಆ ಐದು ದ್ವೀಪಗಳು ಇಂದು ಕರ್ನಾಟಕದ್ದಾಗಿರುತ್ತಿದ್ದವು! ಆಗ ಏನಾಗುತ್ತಿತ್ತು? ಮಲಯಾಳಂ ಬಗೆಯ ಮಾತಾಡುವ ಅವರ ಮಕ್ಕಳು ಕನ್ನಡ ಶಾಲೆಯಲ್ಲಿ ಒದ್ದಾಡುತ್ತಿದ್ದರೇನೋ. ಹೊರಗಿನವರು ಪರವಾನಗಿಯಿಲ್ಲದೆ ಕಾಲಿಡದಂತೆ ತಡೆಯುವ ರಕ್ಷಣೆ ಉಳಿಯುತ್ತಿತ್ತೇ ಎಂಬ ಸಂಶಯವೂ ನಮಗಿದೆ. ಆದರೆ ಅವರಿಗೊಬ್ಬ ಶಾಸಕನಿರುತ್ತಿದ್ದ. ಕೇಂದ್ರಾಡಳಿತದಲ್ಲಿ ಅವರಿಗೆ ಸಿಕ್ಕಿದ್ದೇನು? ವಿಧಾನಸಭೆ ಇಲ್ಲ. ಇರುವ ಒಬ್ಬ ಸಂಸದನನ್ನು ಸ್ವತಃ ಚುನಾಯಿಸಲು 1967ರವರೆಗೆ ಕಾಯಬೇಕಾಯಿತು. ಆಗ ಗೆದ್ದ ಪಿ.ಎಂ. ಸಯೀದ್‌ರನ್ನು ಅವರು ಸತತ ಹತ್ತು ಬಾರಿ ದಿಲ್ಲಿಗೆ ಕಳುಹಿಸಿದರು. ನಿಷ್ಠೆಯ ಪುರಾವೆ ಕೇಳುವವರಿಗೆ ಆ ಮತಗಳು ಕಾಣಿಸುವುದಿಲ್ಲವೇ?

2021ರಲ್ಲಿ ಆಡಳಿತಾಧಿಕಾರಿ ಪ್ರಫುಲ್ ಪಟೇಲ್ ಭೂಮಿ, ಪಂಚಾಯತ್, ಗೋಹತ್ಯೆ ಮತ್ತು ಗೂಂಡಾ ಕಾಯಿದೆಗಳ ಕರಡು ತಂದಾಗ ದ್ವೀಪದವರ ಪರವಾಗಿ ನಿರ್ಣಯ ಮಾಡಿದ್ದು ಕೇರಳದ ವಿಧಾನಸಭೆ. ಅವರದೇ ಸಭೆ ಇದ್ದರೆ ತಾನೆ! 2025ರ ಜುಲೈಯಲ್ಲಿ, ರಕ್ಷಣಾ ಉದ್ದೇಶಕ್ಕಾಗಿ ಇಡೀ ಬಿತ್ರಾ ದ್ವೀಪವನ್ನೇ ವಶಪಡಿಸಿಕೊಳ್ಳುವ ಪ್ರಸ್ತಾವಕ್ಕೆ ಸಾಮಾಜಿಕ ಪರಿಣಾಮ ಅಧ್ಯಯನದ ಅಧಿಸೂಚನೆ ಹೊರಬಿತ್ತು. ಒಂದು ಕಾಲದ ದಕ್ಷಿಣ ಕನ್ನಡದ ಆ ತುಂಡಿನಲ್ಲಿ 2011ರ ಜನಗಣತಿಯಂತೆ ಇದ್ದವರು 271 ಮಂದಿ. ದೇಶಕ್ಕೆ ರಕ್ಷಣೆ ಬೇಡವೆಂದು ನಾವು ಹೇಳುತ್ತಿಲ್ಲ. ಆದರೆ ಈ 271 ಮಂದಿಯನ್ನು ಮೊದಲು ಕೇಳಿ, ಆಮೇಲೆ ಅಧಿಸೂಚನೆ ಹೊರಡಿಸಬಹುದಿತ್ತಲ್ಲ?

ಮಮದಾಪುರದ ಹುಡುಗನಿಗೆ ನಾವು ಇಷ್ಟನ್ನೂ ಹೇಳಿದೆವು. ಅವನು ಸಹಪಾಠಿಗೆ ಬರೆದು ಕಳುಹಿಸಿದ್ದಾನೆ. ಉತ್ತರ ಇನ್ನೂ ಬಂದಿಲ್ಲವಂತೆ.