ಮಣ್ಣೆತ್ತಿನ ಛಾಯಾಚಿತ್ರ

ಶೂದ್ರಕ ಕವಿಯ ಮೃಚ್ಛಕಟಿಕ ನಾಟಕವನ್ನು ನಮ್ಮ ವಾಚಕರಲ್ಲಿ ಅನೇಕರು ಬಲ್ಲರು. ಅದರ ಆರನೆಯ ಅಂಕದಲ್ಲಿ ಚಾರುದತ್ತನ ಮಗನಾದ ರೋಹಸೇನನೆಂಬ ಬಾಲಕನು ನೆರೆಮನೆಯ ಹುಡುಗನ ಚಿನ್ನದ ಬಂಡಿಯೊಡನೆ ಆಡಿ, ಅದು ಕೈತಪ್ಪಿದ ಮೇಲೆ, ದಾಸಿಯು ಮಾಡಿಕೊಟ್ಟ ಮಣ್ಣಿನ ಬಂಡಿಯನ್ನು ಒಲ್ಲೆನೆಂದು ಅಳುತ್ತಾನೆ. ವಸಂತಸೇನೆಯು ತನ್ನ ಒಡವೆಗಳನ್ನು ಕಳಚಿ ಆ ಮಣ್ಣಿನ ಬಂಡಿಯನ್ನು ತುಂಬುತ್ತಾಳೆ. ಕವಿಯು ತನ್ನ ನಾಟಕಕ್ಕೆ ಹೆಸರನ್ನು ಆರಿಸಿಕೊಂಡುದು ಈ ಮಣ್ಣಿನ ಬಂಡಿಯಿಂದಲೇ. ಮೂವತ್ತು ವರ್ಷಗಳಿಗೂ ಮೇಲ್ಪಟ್ಟು ಮಕ್ಕಳಿಗೆ ಈ ಕಥೆಯನ್ನು ಹೇಳಿದ ನಮಗೆ ಅದರ ಮರ್ಮವು ಹೊಳೆದುದು ಈಚೆಗೆ. ಅದೂ ಒಂದು ಮಣ್ಣೆತ್ತಿನ ಎದುರಿಗೆ ನೆಲದ ಮೇಲೆ ಬೋರಲು ಮಲಗಿದಾಗ.

ಬಳ್ಳಾರಿ ಸೀಮೆಗೆ ಹೊಂದಿಕೊಂಡ ನಮ್ಮ ಚಳ್ಳಕೆರೆ, ಮೊಳಕಾಲ್ಮೂರುಗಳ ಕಡೆ ಜ್ಯೇಷ್ಠ ಬಹುಳ ಅಮಾವಾಸ್ಯೆಯಂದು ಮಣ್ಣಿನ ಎತ್ತುಗಳನ್ನು ಮಾಡಿ ಪೂಜಿಸುವುದುಂಟು. ನಮ್ಮ ಮನೆಯಲ್ಲಿದ್ದು ಓದುತ್ತಿರುವ ಮಗಳ ಮಗನು, ಒಂಬತ್ತು ವರ್ಷದವನು, ಈ ಸಲ ಕೆರೆಯ ಮಣ್ಣನ್ನು ತಂದು ತಾನೇ ಒಂದು ಜೋಡಿ ಎತ್ತನ್ನು ಮಾಡಿದನು. ಒಂದರ ಕೊಂಬು ಸೊಟ್ಟ. ಇನ್ನೊಂದಕ್ಕೆ ಕಾಲು ಮೂರೂವರೆ. ಪೂಜೆಯಾದ ಮೇಲೆ ಅವನ್ನು ನೀರಿಗೆ ಬಿಡಬೇಕೆಂದಾಗ ಹುಡುಗನ ಕಣ್ಣುಗಳು ತುಂಬಿಬಂದವು.

“ತಾತಾ, ಕರಗಿ ಹೋಗ್ತಾವಲ್ಲ!”

“ಅದಕ್ಯಾಕೆ ಅಳ್ತೀಯಪ್ಪ? ಒಂದು ಪಟ ಹಿಡಿದಿಟ್ಕೊ” ಎಂದು ಅವನ ಅಜ್ಜಿಯು ಉಪಾಯವನ್ನು ಸೂಚಿಸಿದರು.

ನಾವು ಮೊಬೈಲ್ ಫೋನನ್ನು ತೆಗೆದು, ನಿಂತ ನಿಲುವಿನಲ್ಲೇ ಒಂದು ಪಟವನ್ನು ಹಿಡಿದೆವು. ಅದರಲ್ಲಿ ಎರಡು ಮಣ್ಣಿನ ಮುದ್ದೆಗಳು ಕಂಡವು. ಹುಡುಗನಿಗೆ ಅದು ಹಿಡಿಸಲಿಲ್ಲ. ಅವನು ಫೋನನ್ನು ಇಸಿದುಕೊಂಡು, ಅಂಗಳದಲ್ಲಿ ಬೋರಲು ಮಲಗಿ, ಎತ್ತಿನ ಮೂತಿಯ ಮಟ್ಟಕ್ಕೆ ಅದನ್ನು ಇಳಿಸಿ ತಾನೇ ಪಟ ತೆಗೆದನು. ಏನಾಶ್ಚರ್ಯ! ಎರಡು ಎತ್ತುಗಳು ಆಕಾಶವನ್ನು ಬೆನ್ನಿಗಿಟ್ಟುಕೊಂಡು ನಿಂತಿದ್ದವು. ಹಿಂದಿನ ತುಳಸಿಕಟ್ಟೆಯು ಕೋಟೆಯಾಗಿತ್ತು. ಮೂರೂವರೆ ಕಾಲಿನ ಎತ್ತು ಈಗಷ್ಟೇ ಹೆಜ್ಜೆಯೆತ್ತಿದಂತೆ ತೋರುತ್ತಿತ್ತು.

ಆಟಿಕೆಗಳನ್ನು ಹೀಗೆ ಜೀವಂತವೆಂಬಂತೆ ಚಿತ್ರಿಸುವುದು ಇಂದು ಅನೇಕ ದೇಶಗಳಲ್ಲಿ ಒಂದು ಹವ್ಯಾಸವಾಗಿದೆ. ಅಮೆರಿಕದ ಡೇವಿಡ್ ಲೆವಿಂಥಾಲ್ ಎಂಬವರು ಆಟದ ಸಿಪಾಯಿಗಳನ್ನು ನಿಲ್ಲಿಸಿ, ಎರಡನೆಯ ಮಹಾಯುದ್ಧದಲ್ಲಿ ಜರ್ಮನರು ರಷ್ಯದ ಮೇಲೆ ನುಗ್ಗಿದ ದೃಶ್ಯಗಳನ್ನು ಕಲ್ಪಿಸಿ ಚಿತ್ರಿಸಿದರು. ಗ್ಯಾರಿ ಟ್ರೂಡೊ ಎಂಬವರೊಡನೆ ಅವರು ಸಿದ್ಧಪಡಿಸಿದ ಆ ಪುಸ್ತಕವು 1977ರಲ್ಲಿ ಪ್ರಕಟವಾಯಿತು. ಬೊಂಬೆಯಾಟವನ್ನೂ ನವರಾತ್ರಿಯ ಬೊಂಬೆಯ ಸಾಲನ್ನೂ ಕಂಡ ನಮಗೆ, ಬೊಂಬೆಗೆ ಪ್ರಾಣ ಬರುವುದು ನೋಡುವವನ ಮನಸ್ಸಿನಿಂದಲೆಂಬುದು ಹೊಸ ಮಾತೇನೂ ಆಗದು.

ಈ ಕಲೆಗೆ ಬೇಕಾದ ಸಾಮಗ್ರಿಗಳು ಮನೆಯಲ್ಲಿಯೇ ಇವೆ. ಚಳ್ಳಕೆರೆಯ ಕರಿಯ ಕಂಬಳಿಯ ಹಳೆಯ ತುಂಡನ್ನು ಹಾಸಿ ಬೆರಳಿನಿಂದ ಮಡಿಕೆಗಳನ್ನೆಬ್ಬಿಸಿದರೆ ಅದು ಉತ್ತ ಎರೆಹೊಲವಾಗುವುದು. ಶೇಂಗಾ ಸಿಪ್ಪೆಯನ್ನು ನೆಟ್ಟಗೆ ಸೀಳಿದರೆ ದೋಣಿಯಾಗುವುದು. ಮೊಳಕಾಲ್ಮೂರಿನ ಮಗ್ಗದ ಮನೆಗಳಲ್ಲಿ ಉಳಿಯುವ ರೇಷ್ಮೆಯ ಎಳೆಗಳನ್ನು ಸೇರಿಸಿ ಹರಡಿದರೆ ಬೆಳಕಿನಲ್ಲಿ ಮಿನುಗುವ ತೊರೆಯಾಗುವುದು. ದಾರಿಯ ಧೂಳಿಗೆ ಮಾತ್ರ ಮಣ್ಣನ್ನು ವಸ್ತ್ರಗಾಳಿತ ಮಾಡಲೇಬೇಕು. ಇಲ್ಲವಾದರೆ ಒಂದೊಂದು ಮರಳ ಕಣವೂ ಎತ್ತಿನ ಕಾಲಿನ ಪಕ್ಕದಲ್ಲಿ ಗುಂಡುಕಲ್ಲಿನಂತೆ ಕಂಡು ಗುಟ್ಟನ್ನು ಬಯಲುಮಾಡುವುದು. ನೀರಿನದೂ ಇದೇ ಕಥೆ. ಆಟಿಕೆಯು ಚಿಕ್ಕದಾದ ಮಾತ್ರಕ್ಕೆ ಹನಿಯು ಚಿಕ್ಕದಾಗದು. ಎತ್ತಿನ ಬೆನ್ನಮೇಲೆ ಬಿದ್ದ ಒಂದು ಹನಿಯು ಕುಂಬಳಕಾಯಿಯಷ್ಟು ದಪ್ಪನಾಗಿ ತೋರುವುದು.

ಬೆಳಕಿನ ವಿಷಯವನ್ನೂ ಎರಡು ಮಾತಿನಲ್ಲಿ ಹೇಳುವೆವು. ನಡುಹಗಲಿನ ಬಿಸಿಲು ನೆತ್ತಿಯಿಂದ ಬೀಳುವುದರಿಂದ ಎತ್ತಿನ ಮುಖವೇ ಕತ್ತಲೆಯಾಗುವುದು. ಬೆಳಗಿನ ಅಥವಾ ಸಂಜೆಯ ಓರೆಬಿಸಿಲು ಉತ್ತಮ. ನೆರಳಿನ ಕಡೆಗೆ ಒಂದು ಬಿಳಿಯ ಕಾಗದವನ್ನು ಹಿಡಿದರೆ ಆ ಪಕ್ಕವೂ ತಿಳಿಯಾಗುವುದು. ಚನ್ನಪಟ್ಟಣದ ಅರಗಿನ ಬೊಂಬೆಗಳು ಬಿಸಿಲಿಗೆ ಥಳಥಳಿಸುವುದರಿಂದ, ಬಿಸಿಲಿಗೂ ಅವಕ್ಕೂ ನಡುವೆ ತೆಳುವಾದ ಬಿಳಿಯ ಪಂಚೆಯನ್ನು ಹಿಡಿಯಬೇಕು. ಅತಿ ಹತ್ತಿರದಿಂದ ತೆಗೆದರೆ ಮೂಗು ಮಾತ್ರ ಸ್ಫುಟವಾಗಿ, ಹಿಂದಿನದೆಲ್ಲವೂ ಮಸಕಾಗುವುದು. ಆದುದರಿಂದ ತುಸು ಹಿಂದೆ ಸರಿದು ತೆಗೆದು, ಆಮೇಲೆ ಬೇಡದ ಅಂಚನ್ನು ಕತ್ತರಿಸುವುದು ಲೇಸು. ದೊಡ್ಡ ಯಂತ್ರಗಳಿಗಿಂತ ಫೋನಿನ ಪುಟ್ಟ ಯಂತ್ರದಲ್ಲಿ ಈ ಮಸಕು ಕಡಿಮೆ. ಬಡವರ ಮನೆಯ ಮಕ್ಕಳಿಗೆ ಇದೊಂದು ಅನುಕೂಲವೇ ಸರಿ.

ಒಂದು ಎಚ್ಚರಿಕೆಯನ್ನೂ ಹೇಳಬೇಕು. 1917ರಲ್ಲಿ ಇಂಗ್ಲೆಂಡಿನ ಕಾಟಿಂಗ್ಲಿ ಎಂಬ ಗ್ರಾಮದಲ್ಲಿ ಎಲ್ಸಿ ರೈಟ್, ಫ್ರಾನ್ಸಿಸ್ ಗ್ರಿಫಿತ್ಸ್ ಎಂಬ ಇಬ್ಬರು ಹುಡುಗಿಯರು ಕಾಗದದಲ್ಲಿ ಕತ್ತರಿಸಿದ ಯಕ್ಷಿಣಿಯರನ್ನು ಟೋಪಿಯ ಸೂಜಿಗಳಿಂದ ನಿಲ್ಲಿಸಿ ಪಟ ತೆಗೆದರು. ಪತ್ತೇದಾರಿ ಕಥೆಗಳಿಂದ ಪ್ರಸಿದ್ಧನಾದ ಕಾನನ್ ಡಾಯಲನೇ ಅವನ್ನು ನಿಜವೆಂದು ನಂಬಿ 1920ರಲ್ಲಿ ಪತ್ರಿಕೆಯೊಂದರಲ್ಲಿ ಪ್ರಕಟಿಸಿದನು. ಆ ಹುಡುಗಿಯರು ಮುದುಕಿಯರಾಗಿ, 1983ರಲ್ಲಿ, ಅದು ಕಾಗದದ ಆಟವೆಂದು ಒಪ್ಪಿಕೊಂಡರು. ಆಟವಾಗಿ ಹುಟ್ಟಿದುದು ಅರವತ್ತಕ್ಕೂ ಹೆಚ್ಚು ವರ್ಷ ಹೊರೆಯಾಗಿ ಕುಳಿತಿತು. ಆದ್ದರಿಂದ ನಮ್ಮ ಹುಡುಗನು ತನ್ನ ಪಟದ ಕೆಳಗೆ “ಮಣ್ಣೆತ್ತು, ಎತ್ತರ 4 ಅಂಗುಲ” ಎಂದು ಬರೆಯುವಂತೆ ನಾವು ಹೇಳಿದೆವು. ಹಾಗೆ ಬರೆದುದರಿಂದ ಚಿತ್ರದ ಸೊಗಸೇನೂ ಕುಂದಲಿಲ್ಲ.

ಇನ್ನು ನಮ್ಮದೇ ಒಂದು ತಪ್ಪನ್ನು ಹೇಳಿಕೊಳ್ಳದೆ ಈ ಲೇಖನವನ್ನು ಮುಗಿಸಲಾರೆವು. ನಾವು ಉಪಾಧ್ಯಾಯ ವೃತ್ತಿಗೆ ಸೇರಿದ ಹೊಸತರಲ್ಲಿ, ಹಳ್ಳಿಯ ಶಾಲೆಯೊಂದರಲ್ಲಿ, ಶಬ್ದರೂಪಗಳನ್ನು ಒಪ್ಪಿಸುವ ಹೊತ್ತಿನಲ್ಲಿ ಒಬ್ಬ ಹುಡುಗನು ಮಣೆಯ ಕೆಳಗೆ ಏನನ್ನೋ ಉರುಳಿಸುತ್ತಿದ್ದನು. ಕಿತ್ತು ನೋಡಿದರೆ ಜೋಳದ ದಂಟಿನ ಗಾಡಿ. ನಾವು ಕೋಪದಿಂದ ಅದನ್ನು ಮುರಿದು ಕಿಟಕಿಯಿಂದಾಚೆಗೆ ಎಸೆದೆವು. ಹುಡುಗನು ಅಳಲಿಲ್ಲ, ತಲೆ ಬಗ್ಗಿಸಿ ಶಬ್ದವನ್ನು ಒಪ್ಪಿಸಿದನು. ಈಗ ಅವನು ಚಳ್ಳಕೆರೆಯಲ್ಲಿ ಟ್ರಾಕ್ಟರುಗಳ ದುರಸ್ತಿ ಮಾಡಿಕೊಂಡು ಗೌರವದಿಂದ ಬಾಳುತ್ತಿದ್ದಾನೆ. ಕೆಲವು ವರ್ಷಗಳ ಹಿಂದೆ ಸಂತೆಯಲ್ಲಿ ಸಿಕ್ಕಿ, ಕಾಲಿಗೆ ನಮಸ್ಕರಿಸಿ, ಮಾತಿನ ನಡುವೆ ನಗುತ್ತಲೇ ಹೇಳಿದನು: “ಮೇಷ್ಟ್ರೇ, ಆ ಗಾಡಿಯ ಅಚ್ಚಿಗೆ ಕಡಾಣಿ ಇತ್ತು, ಕೀಲೆಣ್ಣೆ ಸಹ ಹಚ್ಚಿದ್ದೆ. ನೀವು ನೋಡಲೇ ಇಲ್ಲ.”

ಆ ಮಾತನ್ನು ಅಂದು ನಗೆಯಾಗಿಯೇ ತೆಗೆದುಕೊಂಡಿದ್ದೆವು. ಮೊಮ್ಮಗನು ತೆಗೆದ ಪಟವನ್ನು ಕಂಡ ರಾತ್ರಿ ಅದು ನಮ್ಮನ್ನು ಮಲಗಗೊಡಲಿಲ್ಲ. ನಿಂತ ಎತ್ತರದಿಂದ ನೋಡಿದವರಿಗೆ ಎತ್ತು ಮುದ್ದೆಯಾಗಿ ಕಂಡಂತೆ, ಮೇಷ್ಟರ ಎತ್ತರದಿಂದ ನೋಡಿದ ನಮಗೆ ಒಬ್ಬ ಬಾಲಶಿಲ್ಪಿಯು ಪುಂಡನಾಗಿ ಕಂಡಿದ್ದನು. ಮರುದಿನವೇ ಅವನ ಅಂಗಡಿಗೆ ಹೋಗಿ ಪಟವನ್ನು ತೋರಿಸಿ, “ಈ ಎತ್ತುಗಳಿಗೆ ಗಾಡಿಯಿಲ್ಲ, ಒಂದನ್ನು ಮಾಡಿಕೊಡುವೆಯಾ?” ಎಂದು ಕೇಳಿದೆವು. ಅಂದು ಮುರಿದುದಕ್ಕೆ ಕ್ಷಮೆಯನ್ನೂ ಬೇಡಿದೆವು. ಅವನು ಬಹಳ ಹೊತ್ತು ಮಾತನಾಡಲಿಲ್ಲ. ಕೊನೆಗೆ, “ಒಣದಂಟು ಬೇಕು ಮೇಷ್ಟ್ರೇ, ಬಣವೆಯಿಂದ ಹಿರಿದು ತರ್ತೀನಿ” ಎಂದನು.

ಎತ್ತುಗಳನ್ನು ನೀರಿಗೆ ಬಿಡುವುದನ್ನು ಭಾನುವಾರಕ್ಕೆ ಮುಂದೂಡಿ, ಗಾಡಿಯೊಡನೆ ನಾವು ಮೂವರೂ ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಗೆ ಹೋದೆವು. ಅಶೋಕ ಚಕ್ರವರ್ತಿಯ ಶಾಸನವನ್ನು ಬಿ. ಎಲ್. ರೈಸರು 1892ರಲ್ಲಿ ಬೆಳಕಿಗೆ ತಂದುದು ಇಲ್ಲಿಯೇ. ಸಾಧನೆಯ ಫಲವು ದೊಡ್ಡವರಿಗೆ ಮಾತ್ರ ಮೀಸಲಲ್ಲ, ಕ್ಷುದ್ರಕನಿಗೂ, ಎಂದರೆ ಚಿಕ್ಕವನಿಗೂ, ಅದು ದೊರಕುವುದೆಂಬುದು ಆ ಶಾಸನದ ಒಂದು ತಾತ್ಪರ್ಯ. ಶಾಸನದಿಂದ ದೂರದಲ್ಲಿ ಒಂದು ಚಪ್ಪಟೆಗಲ್ಲಿನ ಮೇಲೆ ಹುಡುಗನು ಎತ್ತುಗಳನ್ನು ನಿಲ್ಲಿಸಿ ಗಾಡಿಯನ್ನು ಹೂಡಿದನು. ಹತ್ತಿರದ ವಸ್ತುವು ದೊಡ್ಡದಾಗಿಯೂ ದೂರದ್ದು ಚಿಕ್ಕದಾಗಿಯೂ ತೋರುವುದು ಕಣ್ಣಿನ ಧರ್ಮವಷ್ಟೆ. ಪಟದಲ್ಲಿ ನಾಲ್ಕು ಅಂಗುಲದ ಎತ್ತು ಬೆಟ್ಟದ ಎತ್ತರಕ್ಕೆ ನಿಂತಿತು.

ಅಷ್ಟಾದ ಮೇಲೆ ಎತ್ತುಗಳನ್ನು ಹುಡುಗನೇ ನೀರಿಗೆ ಬಿಟ್ಟನು. ಈ ಸಲ ಅಳಲಿಲ್ಲ. ಗಾಡಿಯು ಮಾತ್ರ ನಮ್ಮ ಮೇಜಿನ ಮೇಲಿದೆ. ಅದನ್ನು ತಂದ ದಿನವೇ ಕನ್ನಡಕವನ್ನು ಒರೆಸಿಕೊಂಡು, ನೆಲಕ್ಕೆ ಕೆನ್ನೆಯಿಟ್ಟು ನೋಡಿದ್ದೆವು. ಕಡಾಣಿಯೂ ಇದೆ, ಕೀಲೆಣ್ಣೆಯೂ ಇದೆ.